ಎಂಟು ಕಾಲಿನದು

ಹನ್ನೆರಡು ವೋಲ್ಟು ಕುಡಿಯುವ ಪೆಟ್ಟಿಗೆಗೆ
ಹತ್ತೊಂಬತ್ತು ಕುಡಿಸಿಬಿಟ್ಟಿದ್ದಾರೆ.
ಯಾರು ಎಂದು ನಾನು ಕೇಳುವುದಿಲ್ಲ.
ಎಸ್.ಪಿ. ರೋಡಿನ ಈ ಮೆಟ್ಟಿಲ ಕೆಳಗಿನ ಅಂಗಡಿಗೆ
ಬಂದವರದೆಲ್ಲ ಒಂದೇ ಮಾತು:
ತಾನಾಗೇ ಹೋಯ್ತಮ್ಮ.

ಬನಶಂಕರಯ್ಯ ಹಾಗೆನ್ನಲಿಲ್ಲ.
ಕಬ್ಬನ್‌ಪೇಟೆಯಿಂದ ನಡೆದೇ ಬಂದವರು
'ಚಾರ್ಜರ್ ಅದಲುಬದಲು, ಚುಚ್ಚಿದ್ದು ನಾನೇ' ಎಂದರು.
ಹೊಗೆ ಬಂತಾ? ಬಂತು.
ವಾಸನೆ? 'ಅಸಲಿ ರೇಷ್ಮೆ ಸುಟ್ಟ ಹಾಗೆ.'
ಮೂಸಿದೆ. ರೇಷ್ಮೆಯಲ್ಲ.
ಅವರವರ ಮೂಗು ಅವರವರಿಗೆ.

ಒಳಗಿರುವುದು ಮೂವತ್ತು ವರ್ಷದ ಅಂಚು, ಸೆರಗು, ಬುಟ್ಟಾ.
ಮೊದಲೆಲ್ಲ ರಟ್ಟಿನ ಕಾರ್ಡಿಗೆ ತೂತು ಹೊಡೆದು
ಹಗ್ಗದಲ್ಲಿ ಪೋಣಿಸಿ ಅಟ್ಟಕ್ಕೆ ಕಟ್ಟುತ್ತಿದ್ದರಂತೆ.
'ಇಲಿ ಕಡಿದರೂ ಒಂದೆರಡು ಕಾರ್ಡು ಹೋಗೋದು.
ಇದು ಹೋದ್ರೆ ಎಲ್ಲಾ ಒಟ್ಟಿಗೇ ಹೋಗತ್ತೆ ನೋಡಿ.'

ಆರು ಪುಟ್ಟ ಸ್ಕ್ರೂ ಬಿಚ್ಚಿದೆ.
ದೂರವಾಣಿನಗರದ ಫ್ಯಾಕ್ಟರಿಯಲ್ಲಿ ಇಪ್ಪತ್ತಾರು ವರ್ಷ
ಫೋನಿನ ಹೊಟ್ಟೆಗೆ ಬೆಸುಗೆ ಹಾಕಿದ ಕೈ.
ಕಣ್ಣಿಗೆ ಈಗ ಕನ್ನಡಕ, ಅದರ ಮೇಲೊಂದು ಭೂತಗನ್ನಡಿ.

ಮೀಟರ್ ಇಟ್ಟೆ. ಕೂಗಿತು.
ಕೂಗಬಾರದ ಕಡೆ ಕೂಗಿತು.
ಬಾಗಿಲಲ್ಲಿ ಕಾವಲು ಕೂತ ಡಯೋಡು
ಬಂದದ್ದನ್ನೆಲ್ಲ ತಾನೇ ನುಂಗಿ ಸತ್ತಿದೆ.
ಒಳ್ಳೆಯದು, ಅದರ ಕೆಲಸವೇ ಅದು.
ಕಿತ್ತೆ. ಕರೆಂಟು ಕೊಟ್ಟೆ.
ಸದ್ದಿಲ್ಲ.
ಮೋಟರು ತಿರುಗಿಸುವ ದೊಡ್ಡ ಚಿಪ್ಪಿನ ಮೈಮೇಲೆ
ಸಾಸಿವೆಯಷ್ಟು ಗುಳಿ, ಸುತ್ತ ಮಸಿ.
ಕಾವಲುಗಾರ ಬೀಳುವ ಮುಂಚೆಯೇ
ಕಳ್ಳ ಒಳಗೆ ಹೋಗಿಯಾಗಿತ್ತು.

ಗುಜರಿ ಡಬ್ಬ ಸುರುವಿಕೊಂಡು ಕೂತು
ಅದೇ ನಂಬರಿನ ಬೋರ್ಡು ಹುಡುಕುವಷ್ಟರಲ್ಲಿ ಊಟ ಆರಿತ್ತು.
ಅದೇ ಹಸಿರು, ಅದೇ ಅಳತೆ, ಅದೇ ವರ್ಷ.
'ಹಾಗಾದ್ರೆ ಇದನ್ನೇ ಕೂರಿಸಿಬಿಡಿ.'
ಕೂರುತ್ತದೆ ಸ್ವಾಮಿ. ಸ್ಕ್ರೂ ಕೂಡ ಬಿಗಿಯಾಗುತ್ತದೆ.
ಓದುವುದಿಲ್ಲ, ಅಷ್ಟೆ.

ಒಂದೊಂದು ಡಿಸ್ಕಿಗೂ ಹುಟ್ಟುವಾಗಲೇ ಒಂದೊಂದು ವಕ್ರ:
ಈ ತಲೆ ಕೂದಲೆಳೆಯಷ್ಟು ಎಡಕ್ಕೆ,
ಆ ತಲೆ ಚೂರು ಮಂಕು,
ಇಲ್ಲೊಂದು ಮಚ್ಚೆ, ದಾಟಿಕೊಂಡು ಹೋಗು.
ಇಂಥದ್ದನ್ನೆಲ್ಲ ಬರೆದಿಟ್ಟುಕೊಂಡಿರುವುದು
ಮೂಲೆಯ ಈ ಎಂಟು ಕಾಲಿನದು,
ಅಕ್ಕಿಕಾಳಿಗಿಂತ ಸ್ವಲ್ಪ ಅಗಲ.
ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ.
ಇಲ್ಲಿ ಸುಟ್ಟೇ ನೋಡಿದ್ದಾರೆ.

ಫ್ಯಾನು ಆರಿಸಿದೆ. ಉಸಿರು ಹಿಡಿದೆ.
ಬಿಸಿಗಾಳಿ, ಮುನ್ನೂರ ನಲವತ್ತು.
ಬೆಸುಗೆ ಹೊಳೆದು ನೀರಾಗುವ ಗಳಿಗೆಯೊಂದಿದೆ.
ಮುಂಚೆ ಎತ್ತಿದರೆ ತಾಮ್ರದ ಗೆರೆ ಜೊತೆಗೇ ಎದ್ದುಬರುತ್ತದೆ,
ತಡವಾದರೆ ಬೆಂದುಹೋಗುತ್ತದೆ.
ಹೊರಗೆ ಗಾಡಿಯವನು ಹಾರ್ನ್ ಒತ್ತಿದ.
ಕೈ ನಡುಗಲಿಲ್ಲ.
ಆಮೇಲೆ ನಡುಗಿತು, ಚಿಮಟ ಕೆಳಗಿಟ್ಟ ಮೇಲೆ.

ಮತ್ತೆ ಆರು ಸ್ಕ್ರೂ. ಕಿವಿಗೆ ಹಿಡಿದೆ.
ಎಲ್ಲೋ ಬೀದಿಯಾಚೆ ಹಿಟ್ಟಿನ ಗಿರಣಿ ಶುರುವಾದ ಹಾಗೆ.
ಟಿಕ್ ಎನ್ನಲಿಲ್ಲ.
ಟಿಕ್ ಎಂದರೆ ನಾನು ದುಡ್ಡು ಕೇಳುವುದಿಲ್ಲ.

ಕೌಂಟರಿನಲ್ಲಿ ಮೌಸು ಮಾರುವ ಅಕ್ಕನ ಮಗ ರಾಯಪ್ಪ
ಫೈಲು ತೆರೆದ. ಪರದೆ ತುಂಬ ಚೌಕ,
ಚೌಕಕ್ಕೊಂದು ಎಳೆ, ಸಾಲು ಹಂಸ.
'ಕ್ಲೆಮೆನ್ಸಮ್ಮ, ಏಳನೇ ಹಂಸ ನೋಡಿ,
ಕೊಕ್ಕಲ್ಲಿ ಒಂದು ಎಳೆ ತಪ್ಪಿದೆಯಾ?'
ತಪ್ಪಿತ್ತು. ನನ್ನ ಎದೆ ಧಸಕ್ಕೆಂದಿತು.
'ಹಾಗಾದ್ರೆ ಸರಿಯಾಗಿದೆ ಬಿಡಿ. ನಾನೇ ಇಟ್ಟಿದ್ದು.
ಕದ್ದು ನೇಯುವವನು ಅದನ್ನೂ ನೇಯ್ತಾನಲ್ಲ,
ಕೊಕ್ಕು ತೋರಿಸಿ ಹಿಡೀತೀನಿ.'
ಎಷ್ಟು ಜನ ಸಿಕ್ಕಿದರು?
'ಇಬ್ಬರು. ಒಬ್ಬ ನನ್ನ ಭಾವಮೈದುನ.'

ಇನ್ನೂರು ರೂಪಾಯಿ ಚೌಕಾಶಿ ಮಾಡಿಯೇ ಹೋದರು.

ಮೇಜಿನ ಮೇಲೆ ಉಳಿದದ್ದು ಇನ್ನೊಂದು ಎಂಟು ಕಾಲಿನದು,
ಗುಜರಿ ಬೋರ್ಡಿನಿಂದ ಜಾಗ ಖಾಲಿ ಮಾಡಿಸಿದ್ದು.
ಅದರ ಡಿಸ್ಕು ಎಲ್ಲಿ ಕರಗಿ ಏನಾಯಿತೋ.
ಈಗಲೂ ಅದಕ್ಕೆ ಗೊತ್ತು:
ಯಾವ ತಲೆ ಎಡಕ್ಕೆ, ಯಾವುದು ಮಂಕು, ಎಲ್ಲಿ ದಾಟಬೇಕು.
ಬಿಸಾಡಬಹುದಿತ್ತು.
ಟೇಪಿಗೆ ಅಂಟಿಸಿ ತಾರೀಖು ಬರೆದೆ.
ಆಮೇಲೆ ಫ್ಯಾನು ಹಾಕಿದೆ.