ಎರಡು ಗಂಟು

ಆರಿಸಿದ ಮೇಲೂ ಮಿಣುಕುತ್ತದೆ ಅಂದರು ಕುಮುದಿನಿ ಡಾಕ್ಟರು,
ಹಲ್ಲಿನವರು, ವಿನೋಬನಗರ, ನೂರಡಿ ರಸ್ತೆಯಿಂದ ಎರಡನೇ ತಿರುವು.
ಫೋನಿಗೆ ಹೇಳಿದರೆ ದೀಪ ಹತ್ತುತ್ತದೆ, ಹೇಳಿದರೆ ಆರುತ್ತದೆ,
ಪೂರ್ತಿ ಆರುವುದಿಲ್ಲ ಅಷ್ಟೆ.
ರಾತ್ರಿಯಿಡೀ ಹಾಲ್‌ನಲ್ಲಿ ಒಂದು ಬೂದು ಬೆಳಕು,
ಸತ್ತ ಹಲ್ಲಿನ ಬಣ್ಣದ್ದು. ಇದು ಅವರದೇ ಮಾತು.

ಕಾಯಿಲೆ ನನಗೆ ಗೊತ್ತಿತ್ತು.
ಹಳೇ ಸ್ವಿಚ್ಚಿಗೆ ಬುದ್ಧಿ ಬೇಕಿರಲಿಲ್ಲ: ಫೇಸ್ ಬಂತು, ಫೇಸ್ ಹೋಯಿತು.
ಬುದ್ಧಿಯಿರುವ ಸ್ವಿಚ್ಚು ನಿದ್ದೆ ಮಾಡುವುದಿಲ್ಲ,
ಎಚ್ಚರವಿರಲು ಅದಕ್ಕೂ ತುತ್ತು ಬೇಕು,
ನ್ಯೂಟ್ರಲ್ ಕೊಡದಿದ್ದರೆ
ಬಲ್ಬಿನ ದಾರಿಯಲ್ಲೇ ಚೂರು ಚೂರು ಕದಿಯುತ್ತದೆ.

ಪ್ಲೇಟ್ ಬಿಚ್ಚಿದೆ, ಟೆಸ್ಟರ್ ಇಟ್ಟು ನೋಡಿ ಮೇನ್ ಇಳಿಸಿದೆ.
ಒಳಗೆಲ್ಲ ತಿರುಗುಮುರುಗು:
ಕಪ್ಪಿನಲ್ಲಿ ಫೇಸ್, ಕೆಂಪಿನಲ್ಲಿ ರಿಟರ್ನ್,
ಪಕ್ಕದ ಡಬ್ಬಿಯಲ್ಲಿ ಅದೂ ಉಲ್ಟಾ.
ಯಾವ ಪುಣ್ಯಾತ್ಮನ ಕೆಲಸವೋ ಎಂದು ಬೈಯಲು ಬಾಯಿ ತೆರೆದೆ,
ಆಗ ಕಂಡಿತು ಗಂಟು.

ವೈರಿನ ತುದಿಗೆ ನಾಲ್ಕು ಬೆರಳು ಬಿಟ್ಟು ಗೋಣಿದಾರದ ಗಂಟು.
ಇನಾಸ್ ಮೇಸ್ತ್ರಿ.
ನನ್ನ ಕೈಗೆ ಮೊದಲು ಟೆಸ್ಟರ್ ಕೊಟ್ಟವರು.
ಫೇಸಿಗೆ ಒಂದು, ನ್ಯೂಟ್ರಲ್ಲಿಗೆ ಎರಡು.
ಯಾಕೆ ಮೇಸ್ತ್ರಿ ಅಂದರೆ, ಕರೆಂಟಿಗೆ ಬಣ್ಣ ಇದ್ಯೇನೋ ಅನ್ನೋರು.
ನಾವು ಹುಡುಗರು ನಗುತ್ತಿದ್ದೆವು, ದುರ್ಗಿಗುಡಿಯ ಕ್ಯಾಂಟೀನಿನಲ್ಲಿ
ಅವರದೇ ದುಡ್ಡಿನ ಬನ್ಸ್ ತಿನ್ನುತ್ತ.

ಸ್ಟೂಲಿನ ಮೇಲೆ ನಿಂತವನಿಗೆ ಒಂದೊಂದೇ ಹತ್ತಿಕೊಂಡವು:
ಅಂಗಡಿಯಲ್ಲಿ ಎಂದೂ ತಾವೇ ಆರಿಸದೆ
ಕೆಂಪು ಕಾಯಿಲ್ ಕೊಡೋ ಎಂದು ನನ್ನ ಕೈಯನ್ನೇ ಕಾಯುತ್ತಿದ್ದದ್ದು,
ಗೋಪಿ ಸರ್ಕಲ್ಲಿನಲ್ಲಿ ಸಿಗ್ನಲ್ ಬಿಟ್ಟು
ಪಕ್ಕದವನ ಸೈಕಲ್ ಚಕ್ರ ನೋಡುತ್ತಿದ್ದದ್ದು,
ಮಗಳ ರೋಸಿನ ದಿನ, ಕಪ್ಪೆಂದುಕೊಂಡು
ಕಡುಗೆಂಪು ಪ್ಯಾಂಟು ತೊಟ್ಟು ಬಂದದ್ದು.

ಅರ್ಧ ಊರಿಗೆ ಬೆಳಕು ಎಳೆದವರಿಗೆ
ಕೆಂಪೂ ಕಪ್ಪೂ ಒಂದೇ ಆಗಿತ್ತು.
ಹೇಳಿದ್ದರೆ ಯಾರು ಕರೆಯುತ್ತಿದ್ದರು ಕೆಲಸಕ್ಕೆ?
ಹೇಳಲಿಲ್ಲ. ಗಂಟು ಹಾಕಿದರು.

ಟಾರ್ಚು ಬಾಯಲ್ಲಿ ಕಚ್ಚಿ ಬೆರಳು ತೂರಿಸಿದೆ.
ಡಬ್ಬಿಯ ಹಿಂಗೋಡೆಗೆ ಒತ್ತಿ, ಸುರುಳಿ ಮಾಡಿ, ಮೂತಿಗೆ ಟೇಪು ಸುತ್ತಿಟ್ಟ
ಒಂದು ಕೆಂಪು ವೈರು, ಯಾವುದಕ್ಕೂ ಸೇರದ್ದು,
ಆ ಕಾಲಕ್ಕೆ ಯಾರೂ ಕೇಳದೇ ಇದ್ದದ್ದು.
ಕಣ್ಣು ಮುಚ್ಚಿ ಸವರಿದೆ.
ಎರಡು.

ದಾರ ಕತ್ತರಿಸದೆ ಹಾಗೇ ಕೂರಿಸಿದೆ. ಜಾಗ ಸಾಲದೆ
ಪ್ಲೇಟು ಕೊಂಚ ಉಬ್ಬಿದೆ.
ಡಾಕ್ಟರು ಬೆರಳಿಟ್ಟು ತೋರಿಸಿದರು. ಇರಲಿ ಬಿಡಿ ಮೇಡಂ ಅಂದೆ.

ಪರದೆ ಎಳೆದು ಅವರು ಫೋನಿಗೆ ಹೇಳಿದರು.
ಇಬ್ಬರೂ ತಲೆಯೆತ್ತಿ ನಿಂತೆವು.
ಏನೂ ಕಾಣಲಿಲ್ಲ,
ಬಲ್ಬೂ, ಅವರ ಮುಖವೂ, ನನ್ನ ಕೈಯೂ.
ಸರಿಹೋಯಿತು ಅಂದೆ.