ಲೆಕ್ಕಕ್ಕೆ ಸಿಗದ ನೀರು

ಹುಬ್ಬಳ್ಳಿ ಪಾಲಿಕೆಯ ಮೂರನೇ ಮಹಡಿಯಲ್ಲಿ ನನ್ನ ಕೆಲಸ:
ಊರನ್ನು ನಲವತ್ತೆರಡು ಕಾಲಮ್ಮಿಗೆ ಇಳಿಸುವುದು.
ಗಾಳಿಯ ಧೂಳು, ಕಸದ ಟನ್ನು, ತಲೆಗೆಷ್ಟು ಲೀಟರು,
ಚಿಗರಿ ಬಸ್ಸೇರಿದವರು, ತೆರಿಗೆ ತುಂಬದವರು.
ಹದಿನೇಳನೆಯದು, ಲೆಕ್ಕಕ್ಕೆ ಸಿಗದ ನೀರು.
ಈ ವಾರ್ಡಿನಲ್ಲಿ ನೂರಕ್ಕೆ ನಲವತ್ತೊಂದು.
ಕೆಂಪು ಬಣ್ಣ.

ವಾಲ್‌ಮನ್ ಯಮನೂರಪ್ಪ ನಕ್ಕ.
"ಲೆಕ್ಕಕ್ಕ ಸಿಗಲಿಲ್ಲಂದ್ರೇನಾತ್ರೀ ಬಾಯಾರ, ಕಿವಿಗೆ ಸಿಗತೈತಿ."
ರಾತ್ರಿ ಎರಡಕ್ಕೆ, ಲಾರಿಗಳೂ ಮಲಗಿದ ಮೇಲೆ,
ಕಬ್ಬಿಣದ ಸರಳಿನ ಒಂದು ತುದಿ ನೆಲಕ್ಕೆ, ಒಂದು ಕಿವಿಗೆ,
ಹಳೇ ಗಿರಣಿಯ ಗೋಡೆಗುಂಟ ನಡೆದ
ಅಡಿಗೆಮನೆಯ ಮಾತಿಗೆ ಕಿವಿಗೊಟ್ಟ ನೆಗೆಣ್ಣಿಯ ಹಾಗೆ.
ನನಗೂ ಕೊಟ್ಟ. ತಣ್ಣಗಿತ್ತು ಸರಳು.
ಒಳಗೆ ಯಾರೋ ಜೋಳ ಕೇರುವ ಸಪ್ಪಳ.

ಅಗೆದರೆ ಎರೆಮಣ್ಣು. ಬೇಸಿಗೆಗೆ ಬಿರಿದು ಮಳೆಗೆ ಉಬ್ಬಿ
ಪೈಪಿನ ಕೀಲು ಕಳಚಿದೆ.
ಮೇಲೊಂದು ಹೊಂಗೆ, ಊರೆಲ್ಲ ಒಣಗಿದರೂ ಎಳೆ ಹಸಿರು;
ಕೆಳಗೆ ನಾಲಾ ದಂಡೆಯ ಹದಿನಾರು ತಗಡಿನ ಮನೆ,
ಬೆಳಕು ಹರಿಯುವ ಮೊದಲೇ ಕೊಡ ಹಿಡಿದ ಖೈರುನ್‌ಬಿ:
"ಒಡದೈತಿ ಅಂತ ನಿಮಗ. ನಮಗ ಇದ ನಳಾ."

ಮುಚ್ಚಿದೆವು.
ನಲವತ್ತೊಂದು ಮೂವತ್ತಾರಾಯಿತು, ಕೆಂಪು ಹಳದಿಯಾಯಿತು,
ಸಾಹೇಬರು ಪೇಢೆ ತರಿಸಿದರು. ನಾನೂ ಎರಡು ತಿಂದೆ.

ಮುಂದಿನ ತಿಂಗಳು ಮೂವತ್ತೊಂದನೆಯ ಕಾಲಮ್ಮು ಏರಿತು:
ಟ್ಯಾಂಕರಿನ ಬಾಡಿಗೆ.
ಬೇರೆ ಪುಟ, ಬೇರೆ ಇಲಾಖೆ, ಬೇರೆ ಗುಮಾಸ್ತ.
ಖೈರುನ್‌ಬಿಯ ಮಗಳು ಸಾಲಿ ತಪ್ಪಿಸಿ ಸಾಲಿನಲ್ಲಿ ನಿಂತದ್ದು
ಯಾವ ಪುಟದಲ್ಲೂ ಇಲ್ಲ.

ಎರಡೂ ಹಾಳೆ ಬಿಡಿಸಿ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ.
ಮುನಿಸಿಕೊಂಡ ಬೀಗರ ಹಾಗೆ
ಅಂಕಿಗಳು ಒಂದನ್ನೊಂದು ನೋಡಿದವು, ಮಾತಾಡಲಿಲ್ಲ.
ನಾನೇ ಮಾತಾಡಬೇಕಾಯಿತು.
ಹದಿನಾರು ನಳ, ಮೀಟರು ಸಹಿತ,
ಒಟ್ಟು ಖರ್ಚು ಐದು ತಿಂಗಳ ಟ್ಯಾಂಕರಿನಷ್ಟು.
ಸಾಹೇಬರು ಚಷ್ಮಾ ತೆಗೆದರು, ಒರೆಸಿದರು, ಹಾಕಿಕೊಂಡರು.
"ನೋಟ್ ಇಡ್ರಿ."

ಫೈಲು ಈಗ ಎರಡನೇ ಮಹಡಿಗೆ ಇಳಿದಿದೆ.
ಇಳಿಜಾರಿದ್ದರೂ ಹರಿಯದ ನೀರು ಅದು.

ನಿನ್ನೆ ಯಮನೂರಪ್ಪ ಬಂದ.
ಸರಳನ್ನು ಎರಡನೇ ಮಹಡಿಯ ಕಪಾಟಿಗೆ ಆನಿಸಿ
ಕಣ್ಣು ಮುಚ್ಚಿ ಕಿವಿಯಿಟ್ಟ. ಜವಾನ ಬಿದ್ದು ಬಿದ್ದು ನಕ್ಕ.
"ಏನಾರ ಕೇಳಸ್ತೈತೇನೋ?" ಎಂದೆ.
"ಇನ್ನೂ ಇಲ್ರೀ.
ಹೊಂಗಿ ಮಾತ್ರ ಎಲಿ ಉದರಸಾಕ ಹತ್ತೈತಿ."