ಕ್ವಾಲಿಟಿ ಸೊನ್ನೆ

ಪಡುಕೆರೆಯಲ್ಲಿ ಎಲ್ಲರೂ ಕಡಲಿಗೆ ಮುಖಮಾಡಿದವರು,
ಡಿಶ್ಶುಗಳ ಹೊರತು.
ಅವು ಮಾತ್ರ ಮಾಡಿನ ಮೇಲೆ ಸಾಲಾಗಿ
ಕಡಲಿಗೆ ಬೆನ್ನು ಹಾಕಿ, ಹೊಳೆಯಾಚೆ, ತೆಂಕು-ಮೂಡು ದಿಕ್ಕಿಗೆ
ಕತ್ತೆತ್ತಿ ಕೂತಿವೆ,
ಮೀನು ಕೊಚ್ಚುವವಳ ಮುಂದಿನ ಬೆಕ್ಕುಗಳ ಹಾಗೆ.

ಈಗ ಬೋಟುಗಳಿಗೆ ರಜೆ, ನನಗಿಲ್ಲ:
ಹಗಲಿಡೀ ಮಲ್ಪೆ ಬಂದರಿನಲ್ಲಿ ಇಂಜಿನ್ ಬಿಚ್ಚುವುದು, ಕಟ್ಟುವುದು.
ರಾತ್ರಿ ಗಂಜಿ ಬಟ್ಟಲು ಹಿಡಿದು ಕೂತರೆ
ವಾರ್ತೆ ಓದುವವಳ ಮುಖ ಚೌಕ ಚೌಕವಾಗಿ ಒಡೆದು,
ಒಂದು ಕಣ್ಣು ಕೆನ್ನೆಗೆ ಇಳಿದು,
ಆಮೇಲೆ ಬರೀ ನೀಲಿ.

ಕಾರಣ ನನಗೆ ಗೊತ್ತಿತ್ತು.
ವಾರಿಜಕ್ಕನ ತೆಂಗು.
ಡಿಶ್ ಕೂರಿಸಿದ ವರ್ಷ ಅದು ನನ್ನ ಹೆಗಲಷ್ಟಿತ್ತು,
ಈಗ ಗಾಳಿ ಬಂದರೆ ನಮ್ಮ ಹಂಚು ಗುಡಿಸುತ್ತದೆ.
ಬೇಲಿಯ ಈಚೆಯಿಂದ ಹೇಳಿದೆ, ಮೊದಲು ಮೆತ್ತಗೆ,
ಆಮೇಲೆ ಇಡೀ ಕೇರಿಗೆ ಕೇಳುವಂತೆ.
ವಾರಿಜಕ್ಕ ಮಾತಾಡಲಿಲ್ಲ. ಮರುದಿನ
ಕೊಯ್ಯುವವನನ್ನು ಕರೆಸಿ ನಾಲ್ಕು ಹಸಿ ಗರಿ ಇಳಿಸಿದರು.
ಅವು ಅಂಗಳಕ್ಕೆ ಬೀಳುವ ಸದ್ದನ್ನು
ನಾನು ಒಳಗೆ ಕೂತು ಎಣಿಸಿದೆ.
ರಾತ್ರಿ ವಾರ್ತೆಯವಳು ಮತ್ತೆ ಒಡೆದಳು.

ಹಾಗಾದರೆ ಡಿಶ್ಶೇ ತಿರುಗಿರಬೇಕು.
ಭಾನುವಾರ ಹದಿಮೂರರ ಸ್ಪ್ಯಾನರ್ ಹಿಡಿದು ಹತ್ತಿದೆ.
ಟಿ.ವಿ. ಮುಂದೆ ಸುಗಂಧಿ, ಕಿಟಕಿಯಲ್ಲಿ ಮೊಮ್ಮಗಳು ಪ್ರಾಪ್ತಿ,
ಏಣಿಯ ಮೇಲೆ ನಾನು, ನಡುವೆ ಮಳೆ.
"ಬತ್ತ್ಂಡಾ?"
"ಇಲ್ಲವಂತೆ!"
ಒಂದು ಬೆರಳು ಎಡಕ್ಕೆ. "ಈಗ?"
"ಬಂತಂತೆ, ಬಂತಂತೆ... ಹೋಯಿತಂತೆ!"
ಅಂತೆ ಅಂತೆಯಲ್ಲೇ ಮಧ್ಯಾಹ್ನವಾಯಿತು.

ನಡುಗಡಲಲ್ಲಿ ಕಲ್ಲಿರುವ ಜಾಗವನ್ನು ಅಪ್ಪ
ಕಾಪುವಿನ ದೀಪಸ್ತಂಭದ ನೆತ್ತಿಗೆ ಒಂದು ಗುಡ್ಡ ಕೂರಿಸಿ
ಬರಿಗಣ್ಣಲ್ಲಿ ಹಿಡಿಯುತ್ತಿದ್ದ.
ಬೆರಳಗಲ ತಪ್ಪಿದರೆ ಬಲೆ ಹರಿಯಿತು.
ಆ ಕಣ್ಣು ನನಗೆ ಬರಲಿಲ್ಲ.
ಇಳಿದು ನೋಡಿದರೆ ಪರದೆಯಲ್ಲಿ ಎರಡು ಪಟ್ಟಿ:
ಸ್ಟ್ರೆಂತ್ ಎಂಬತ್ತು. ಕ್ವಾಲಿಟಿ ಸೊನ್ನೆ.
"ನಿಮ್ಮದೇ ಜಾತಕ," ಅಂದಳು ಸುಗಂಧಿ,
ಒಣಮೀನು ಸುಡುತ್ತ, ತಿರುಗಿಯೂ ನೋಡದೆ.

ಮೂರನೆಯ ಫೋನಿಗೆ ಉದ್ಯಾವರದಿಂದ ನೌಫಲ್ ಬಂದ.
ಹುಡುಗ. ನನ್ನ ಮಾತು ಮುಗಿಯುವ ಮೊದಲೇ ಮಾಡಿನ ಮೇಲಿದ್ದ.
"ತೆಂಗು," ಅಂದೆ ಕೆಳಗಿನಿಂದ.
"ತೆಂಗಲ್ಲ ಸಾರ್. ಇದು ಎದುರು ನೋಡುವ ಹಾಗೆ ಕಾಣುವುದು ಅಷ್ಟೆ.
ನೋಡುವುದು ತುಂಬ ಮೇಲೆ.
ಆ ಮರ ಇನ್ನು ಹತ್ತು ವರ್ಷ ಬೆಳೆಯಲಿ, ಅಡ್ಡ ಬರುವುದಿಲ್ಲ."

ಎಲ್‌ಎನ್‌ಬಿಯಿಂದ ವಯರು ಬಿಚ್ಚಿ, ತುದಿ ಕತ್ತರಿಸಿ
ನನ್ನ ಅಂಗೈಗೆ ಹಾಕಿದ:
ಹಸಿರು ಪುಡಿ, ಬಿಳಿ ಉಪ್ಪು,
ನಡುವಿನ ತಾಮ್ರದೆಳೆ ಇದ್ದಲ್ಲಿ ಒಂದು ಕಪ್ಪು ಚುಕ್ಕೆ.
ನಲವತ್ತು ವರ್ಷ ಈ ಹಸಿರನ್ನು
ಬೋಟಿನ ಬ್ಯಾಟರಿಗಳಿಂದ ಕೆರೆದವನು ನಾನು.
ಕತ್ತಲಲ್ಲಿ ಬೆರಳು ತಾಗಿದರೂ ಗುರುತಿಸಬಲ್ಲೆ.
ಅಲ್ಲೊಂದು ಇರಬಹುದೆಂದು ಬೆರಳೇ ಹಾಕಿರಲಿಲ್ಲ.

"ಮೊದಲಿನ ತಪ್ಪು ಉಪ್ಪಿನದ್ದು," ಅಂದ ನೌಫಲ್,
ಮೀಟರಿನ ಕೀರಲಿಗೆ ಕಿವಿಗೊಟ್ಟು
ಡಿಶ್ಶನ್ನು ಕೂದಲೆಳೆ ಕೂದಲೆಳೆಯಾಗಿ ಹಿಂದಕ್ಕೆ ತರುತ್ತ.
"ಉಳಿದದ್ದು ನಿಮ್ಮದು."

ಹೊಸ ಕನೆಕ್ಟರು, ಅದಕ್ಕೆ ಟೇಪು, ಟೇಪಿನ ಮೇಲೆ
ನನ್ನದೇ ಡಬ್ಬಿಯ ಗ್ರೀಸು. ಇನ್ನೂರೈವತ್ತು ರೂಪಾಯಿ.
ಕಿಟಕಿಯಿಂದ ಪ್ರಾಪ್ತಿ ಕೂಗಿದಳು: "ಬಂತು!"
ಈ ಸಲ ಅಂತೆ ಇರಲಿಲ್ಲ.

ಮಳೆ ಬಿಟ್ಟ ಮೇಲೆ ಬೇಲಿಯ ತನಕ ಹೋದೆ.
ವಾರಿಜಕ್ಕ ಜಗಲಿಯಲ್ಲಿ ಕೂತು
ಆ ನಾಲ್ಕು ಗರಿಯ ಕಡ್ಡಿ ಸೀಳಿ
ಹಿಡಿಸೂಡಿ ಕಟ್ಟುತ್ತಿದ್ದರು.
ಹೇಳಬೇಕಾದ್ದು ಗಂಟಲಲ್ಲಿ ಚೌಕ ಚೌಕವಾಯಿತು.
"ನಿಮ್ಮ ಡಿಶ್ಶಿಗೂ ಸ್ವಲ್ಪ ಗ್ರೀಸು ಹಚ್ಚಿದರೆ ಒಳ್ಳೆಯದು," ಅಂದೆ.

ಹುರಿ ಬಿಗಿದು, ಹಲ್ಲಲ್ಲಿ ಕಚ್ಚಿ ಎಳೆದು,
ಸೂಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ
ವಾರಿಜಕ್ಕ ಹೇಳಿದರು:
"ಏಣಿ ಬಚ್ಚಲ ಹಿಂದೆ ಉಂಟು.
ಮರಕ್ಕೆ ಒರಗಿಸಬೇಡಿ."